ಜುಲೈ ಹತ್ತೊಂಬತ್ತರ ಎರಡು ಸಂಗತಿಗಳು

ಕರಿಗಡ್ಡಿ, ಕೃಷ್ಣಾ ಹೊಳೆಯ ನಡುವೆ
ಇಸವಿ ೨೨೧೪, ಆಗಸ್ಟ್ ಎರಡು

ನನಗಿಂತ ಸುಮಾರು ಇನ್ನೂರು ವರ್ಷ ಮೊದಲು ಬದುಕಿರುವ ಹಿರಿಯರಿಗೆ ಮಾಬುಬಿ ನದಾಫಳ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು. ನಡುನಡುವೆ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಗತಿಸಿದವರಿಗೆ ಬರೆದ ಕಾಗದಗಳನ್ನು ಹಾಕುವ ಕಬ್ಬಿಣದ ಪೆಟ್ಟಿಗೆ ಅದು, ಪ್ರತಿ ಊರಿಗೂ ಒಂದಿರುತ್ತದೆ. ಕಾಗದಗಳು ನಿಜವಾಗಿಯೂ ತಲುಪುತ್ತವೆ ಎಂದು ಕೆಲವರು ನಂಬುತ್ತಾರೆ. ನನಗೆ ಆ ನಂಬಿಕೆ ಈಗಲೂ ಅಷ್ಟಕ್ಕಷ್ಟೆ. ಆದರೆ ನಮ್ಮ ಕಾಲದವರಿಗೆ ಅರ್ಜಿ ಬರೆದು ಬರೆದು ನನ್ನ ಕೈ ಸೋತಿದೆ. ಇನ್ನು ಉಳಿದಿರುವ ವಿಳಾಸ ನಿಮ್ಮದೊಂದೇ.

ನಾನು ಹದಿಮೂರು ವರ್ಷ ಈ ಊರಿನ ದಿನಗಾರ್ತಿಯಾಗಿದ್ದೆ. ಹಾಗೆಂದರೆ, ಬೆಳಗಿನ ನಾಲ್ಕಕ್ಕೆ ನೀರಿನ ಗೋಪುರ ಹತ್ತಿ, ಹಿಂದೆ ಇದೇ ತಾರೀಖಿನಂದು ಏನೇನು ನಡೆಯಿತು ಎಂಬುದನ್ನು ಧ್ವನಿವರ್ಧಕದಲ್ಲಿ ಊರಿಗೆಲ್ಲ ಓದಿ ಹೇಳುವವಳು. ನಾಲ್ಕು ಗಂಟೆ ನಿಮಗೆ ತೀರಾ ಬೇಗ ಅನಿಸಬಹುದು. ನಮ್ಮಲ್ಲಿ ಬೆಳಿಗ್ಗೆ ಹತ್ತರ ಮೇಲೆ ಬಿಸಿಲು ಇಳಿಯುವವರೆಗೆ ಹೊರಬೀಳುವಂತಿಲ್ಲ, ಹೊಲದ ಕೆಲಸ, ಶಾಲೆ, ಸಂತೆ ಎಲ್ಲವೂ ಅಷ್ಟರೊಳಗೆ ಮುಗಿಯಬೇಕು. ಹಾಗಾಗಿ ನನ್ನ ಓದು ಶುರುವಾಗುವ ಹೊತ್ತಿಗೆ ಹೆಂಗಸರು ಬಿಸಿಲುಗಲ್ಲಿನ ಮೇಲೆ ರೊಟ್ಟಿ ಹಾಕಿರುತ್ತಿದ್ದರು. ಹಗಲೆಲ್ಲ ಮಾಳಿಗೆಯ ಮೇಲೆ ಕಾದು ಮರುದಿನ ಬೆಳಗಿನವರೆಗೂ ಶಾಖ ಹಿಡಿದಿಡುವ ಕಲ್ಲು ಅದು. ರೊಟ್ಟಿ ಬಡಿಯುವ ಸದ್ದು ಗೋಪುರದವರೆಗೂ ಕೇಳುತ್ತಿತ್ತು. ಸುದ್ದಿ ಚೆನ್ನಾಗಿದ್ದರೆ ಆ ಸದ್ದು ಒಂದು ಗಳಿಗೆ ನಿಲ್ಲುತ್ತಿತ್ತು.

ಓದುವುದನ್ನು ಆರಿಸುವ ಹಕ್ಕು ಮಾತ್ರ ನನಗಿರಲಿಲ್ಲ. ಅದು ದಿನಮಂಡಳಿಯದು. ಪ್ರತಿ ತಾರೀಖಿಗೆ ಅವರು ಒಂದು ಬಣ್ಣ ಕೊಟ್ಟಿದ್ದಾರೆ: ಸಂತೋಷದ ದಿನಕ್ಕೆ ಹಳದಿ, ದುಃಖದ ದಿನಕ್ಕೆ ಬಿಳಿ, ಉಳಿದವಕ್ಕೆ ಬೂದು. ಬೀದಿದೀಪದಿಂದ ಹಿಡಿದು ಶಾಲೆಯ ಬಾವುಟದವರೆಗೆ ಎಲ್ಲವೂ ಆ ದಿನ ಅದೇ ಬಣ್ಣ. ಒಂದು ದಿನಕ್ಕೆ ಒಂದೇ ಬಣ್ಣ. ಹಳದಿ ದಿನದಂದು ಸಾವು ಓದುವಂತಿಲ್ಲ, ಬಿಳಿ ದಿನದಂದು ಮದುವೆಯಿಲ್ಲ. ನಿಮ್ಮ ಕಾಲದ ಪತ್ರಿಕೆಯ ಒಂದು ಹಾಳೆಯನ್ನು ನಮ್ಮ ಗ್ರಂಥಾಲಯದ ಗಾಜಿನ ಪೆಟ್ಟಿಗೆಯಲ್ಲಿ ನೋಡಿದ್ದೇನೆ. ‘ಇತಿಹಾಸದಲ್ಲಿ ಈ ದಿನ’ ಎಂದು ಒಂದು ಮೂಲೆಯಲ್ಲಿ ನಾಲ್ಕು ಸಾಲು. ಯಾವನೋ ರಾಜನ ಪಟ್ಟಾಭಿಷೇಕ, ಅದರ ಕೆಳಗೆ ವಿಮಾನ ಬಿದ್ದು ನೂರು ಜನರ ಸಾವು, ಅದರ ಕೆಳಗೆ ಒಬ್ಬ ಆಟಗಾರನ ಹುಟ್ಟುಹಬ್ಬ. ಚಿಕ್ಕವಳಿದ್ದಾಗ ಅದನ್ನು ನೋಡಿ ನಕ್ಕಿದ್ದೆ. ಈಗ ನಿಮ್ಮ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ಒಂದರ ಕೆಳಗೊಂದಾದರೂ ಸರಿ, ಎಲ್ಲವನ್ನೂ ಒಂದೇ ದಿನದೊಳಗೆ ಇರಗೊಟ್ಟಿದ್ದಿರಲ್ಲ!

ಈಗ ಸಂಗತಿಗೆ ಬರುತ್ತೇನೆ. ೨೧೪೮ನೇ ಇಸವಿ ಜುಲೈ ಹತ್ತೊಂಬತ್ತರಂದು, ಇಪ್ಪತ್ತಾರು ವರ್ಷ ಬತ್ತಿ ಬರೀ ಮರಳಾಗಿದ್ದ ಹೊಳೆಗೆ ನೀರು ಬಂತು. ಆವತ್ತೇ ಕರಿಗಡ್ಡಿ ಮತ್ತೆ ನಡುಗಡ್ಡೆಯಾಯಿತು. ಅಂದಿನಿಂದ ಪ್ರತಿ ವರ್ಷ ಆ ದಿನ ಹೊಳೆಹಬ್ಬ. ಮನೆಮನೆಯಲ್ಲೂ ಗೋಧಿ ಹುಗ್ಗಿ ಮಾಡುತ್ತಾರೆ. ದಡದ ಊರುಗಳ ಜನರೆಲ್ಲ ತೂಗುಬಂಡಿ ಹತ್ತಿ ಇಲ್ಲಿಗೆ ಬರುತ್ತಾರೆ. ತೂಗುಬಂಡಿ ಎಂದರೆ ಹೊಳೆಯ ಮೇಲೆ ಎಳೆದ ಉಕ್ಕಿನ ಹಗ್ಗಕ್ಕೆ ಜೋತು ಓಡಾಡುವ ಪೆಟ್ಟಿಗೆ. ಇಪ್ಪತ್ತು ಜನರ ಮೇಲೆ ಹತ್ತಿಸುವಂತಿಲ್ಲ.

೨೧೭೧ರ ಹೊಳೆಹಬ್ಬದ ಸಂಜೆ ಐದಕ್ಕೆ, ಮೂವತ್ತೆಂಟು ಜನ ತುಂಬಿದ್ದ ಬಂಡಿಯ ಹಗ್ಗ ಹರಿಯಿತು. ಹೊಳೆ ತುಂಬಿ ಹರಿಯುತ್ತಿತ್ತು. ಹೆಣಗಳು ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಹಾಗಾಗಿ ಸಾವಿನ ಪುಸ್ತಕದಲ್ಲಿ ಮೂವತ್ತೆಂಟು ಹೆಸರುಗಳ ಮುಂದೆಯೂ ಜುಲೈ ಇಪ್ಪತ್ತು ಎಂದು ಬರೆದರು. ಮಂಡಳಿಯವರು ಇಪ್ಪತ್ತನ್ನು ಬಿಳಿ ದಿನ ಮಾಡಿದರು, ಹತ್ತೊಂಬತ್ತು ಹಳದಿಯಾಗಿಯೇ ಉಳಿಯಿತು. ಪ್ರತಿ ವರ್ಷ ಇಪ್ಪತ್ತರಂದು ನಾನು ಆ ಮೂವತ್ತೆಂಟು ಹೆಸರುಗಳನ್ನು ಓದಿ, ಕೊನೆಗೆ ಮಂಡಳಿ ಬರೆದುಕೊಟ್ಟ ಸಾಲನ್ನೂ ಓದುತ್ತಿದ್ದೆ: ‘ಇವರೆಲ್ಲರೂ ಚಾಲಕ ಯಮನಪ್ಪನ ನಿರ್ಲಕ್ಷ್ಯದಿಂದ ಮೃತಪಟ್ಟರು.’

ಮೂರು ವರ್ಷದ ಹಿಂದೆ, ಆ ಓದಿನ ಮರುದಿನ, ಒಬ್ಬ ಹೆಣ್ಣುಮಗಳು ಗೋಪುರದ ಮೆಟ್ಟಿಲ ಮೇಲೆ ಕೂತಿದ್ದಳು. ಐವತ್ತು ದಾಟಿದ ವಯಸ್ಸು, ಕೈಯಲ್ಲೊಂದು ತಗಡಿನ ಡಬ್ಬಿ. ನಾನು ಇಳಿದು ಬರುವವರೆಗೂ ಕಾದು, ಎದ್ದು ನಿಂತಳು.

“ನಾ ಹುಲಿಗೆವ್ವ ಅಂತ್ರಿ. ದಂಡಿ ಮ್ಯಾಲಿನ ಊರಾಕಿ. ವರ್ಷಾ ನಿಮ್ಮ ಬಾಯಿಂದ ನಮ್ಮಪ್ಪನ ಹೆಸರ ಕೇಳ್ತೀನಿ.”

ಯಾವ ಹೆಸರು ಎಂದು ಕೇಳುವ ಅಗತ್ಯವಿರಲಿಲ್ಲ. ಬಂಡಿ ಬಿದ್ದಾಗ ಆಕೆಗೆ ಹನ್ನೆರಡು ವರ್ಷ. ಯಮನಪ್ಪ ದಡದ ಯಂತ್ರದ ಮನೆಯಲ್ಲಿದ್ದುದರಿಂದ ಬದುಕುಳಿದ. ಊರು ಅವನನ್ನು ಹತ್ತಿರ ಸೇರಿಸಲಿಲ್ಲ, ನೀರು ತುಂಬುವ ಕಟ್ಟೆಗೂ ಬರಗೊಡಲಿಲ್ಲ. ಒಂಬತ್ತು ವರ್ಷ ಯಾರೊಡನೆಯೂ ಮಾತಾಡದೆ ಬದುಕಿ ತೀರಿಕೊಂಡ. ಹುಲಿಗೆವ್ವ ಡಬ್ಬಿ ತೆರೆದು ಒಂದು ಚೀಟಿ ಕೊಟ್ಟಳು. ಅದರಲ್ಲಿ ಎರಡೇ ಸಾಲು: ‘ಹಬ್ಬದ ದಿನ ಬಂಡಿ ನಿಲ್ಲಿಸಕೂಡದು. ಎಷ್ಟು ಜನ ಬಂದರೂ ಹತ್ತಿಸು.’ ಕೆಳಗೆ ಹಬ್ಬದ ಸಮಿತಿಯ ಅಧ್ಯಕ್ಷ ರುದ್ರಗೌಡರ ಸಹಿ. ತಾರೀಖು ಹಾಕಿರಲಿಲ್ಲ.

“ಹಗ್ಗ ಸಪ್ಪಳ ಮಾಡಾಕತ್ತೈತಿ, ಬಂಡಿ ನಿಲ್ಲಸ್ತೀನಿ ಅಂತ ನಮ್ಮಪ್ಪ ಹೇಳಿ ಕಳಿಸಿದ್ದ. ಅದಕ್ಕ ಇದು ಉತ್ತರ ಬಂತು,” ಎಂದಳು. “ವಿಚಾರಣಿಯೊಳಗ ಇದನ್ನ ತೋರಿಸಿದ್ರ ಏನಂದ್ರು ಗೊತ್ತೇನ್ರಿ? ಚೀಟಿ ಹಬ್ಬದ ದಿನದ್ದು, ಬಂಡಿ ಬಿದ್ದದ್ದು ಹಬ್ಬದ ಮಾರನೇ ದಿನ. ಆವತ್ತ ಯಾರು ನಿನಗ ಅಷ್ಟ ಮಂದಿ ಹತ್ತಿಸಂದ್ರು ಅಂತ ಕೇಳಿದ್ರು.”

ನೋಡಿದವರು ನೂರಾರು ಜನರಿದ್ದರು. ನೋಡಿದವರ ಮಾತು ದಾಖಲೆಯಲ್ಲ ಎಂದು ವಿಚಾರಣೆ ಮುಗಿಸಿದರು. ರುದ್ರಗೌಡರು ಮರುವರ್ಷವೇ ದಿನಮಂಡಳಿಯ ಮೊದಲ ಅಧ್ಯಕ್ಷರಾದರು. ಆ ಮೆಟ್ಟಿಲ ಮೇಲೆ ನಿಂತು ನಾನು ಲೆಕ್ಕ ಹಾಕಿದೆ. ನಿರ್ಲಕ್ಷ್ಯ ಎಂಬ ಸಾಲನ್ನು ಆಗಲೇ ಹನ್ನೊಂದು ಸಲ ಓದಿದ್ದೆ. ಓದುವಾಗ ಆ ಪದದ ಮೇಲೆ ಸ್ವಲ್ಪ ಒತ್ತು ಕೊಡುತ್ತಿದ್ದೆ ಕೂಡ, ಜನರ ಮನ ಮುಟ್ಟಲಿ ಅಂತ.

ಆ ವಾರವೇ ಮಂಡಳಿಗೆ ಅರ್ಜಿ ಹಾಕಿದೆ. ಹತ್ತು ತಿಂಗಳ ಮೇಲೆ ವಾಪಸು ಬಂತು: ತಾರೀಖಿನ ತಕರಾರುಗಳನ್ನು ಆಯಾ ತಾರೀಖಿನಂದೇ ಖುದ್ದಾಗಿ ಸಲ್ಲಿಸತಕ್ಕದ್ದು. ಸರಿ, ಜುಲೈ ಹತ್ತೊಂಬತ್ತರಂದು ನಾನೂ ಹುಲಿಗೆವ್ವನೂ ಕಚೇರಿಗೆ ಹೋದೆವು. ಹಳದಿ ದೀಪ ಹಚ್ಚಿ ಬಾಗಿಲಿಗೆ ಬೀಗ ಹಾಕಿದ್ದರು. ಹೊಳೆಹಬ್ಬದ ರಜೆ. ಇಪ್ಪತ್ತಕ್ಕೆ ಮತ್ತೆ ಹೋದೆವು. ಕಚೇರಿಯ ಗುಮಾಸ್ತ ತೋಟಪ್ಪ ಒಳ್ಳೆಯ ಮನುಷ್ಯ, ನಮಗೆ ಕುಡಿಯಲು ನೀರು ಕೊಟ್ಟು, ಅರ್ಜಿ ಓದಿ, ಅದನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದ.

“ತಗೋತೀನ್ರಿ ಅಕ್ಕಾರ, ತಗೊಳ್ಳಾಕ ಏನೂ ತ್ರಾಸ ಇಲ್ಲ. ಆದ್ರ ಇಪ್ಪತ್ತಕ್ಕ ಅರ್ಜಿ ಕೊಟ್ರ, ಬಂಡಿ ಇಪ್ಪತ್ತಕ್ಕ ಬಿತ್ತು ಅಂತ ನೀವ ಒಪ್ಪಿದಂಗ ಆಕ್ಕೈತಿ.”

“ಹತ್ತೊಂಬತ್ತಕ್ಕ ನೀವು ಬಾಗಿಲ ತೆರೆಯಾಂಗಿಲ್ಲ!”

“ಹಬ್ಬ ಐತಲ್ರಿ.”

ನಾನು ಮೇಜು ಗುದ್ದಿದೆ. ಹುಲಿಗೆವ್ವ ನನ್ನ ಕೈ ಹಿಡಿದುಕೊಂಡಳು. ತೋಟಪ್ಪ ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದ: “ನಮ್ಮ ಆಯಿನೂ ಆ ಬಂಡ್ಯಾಗ ಇದ್ಳ್ರಿ. ಹುಗ್ಗಿ ಉಂಡು, ಒಂದ ತಂಬಿಗಿ ಮನಿಗೂ ಕಟ್ಟಿಸಿಕೊಂಡು ಹೊಂಟಿದ್ಳಂತ.”

ಹುಗ್ಗಿ ಮಾಡುವುದು ಹತ್ತೊಂಬತ್ತರಂದು ಮಾತ್ರ. “ಅದನ್ನ ಬರದ ಕೊಡ್ರಿ, ಅಷ್ಟ ಸಾಕು,” ಎಂದೆ.

“ಬರದ್ರ ನಾ ಈ ಕುರ್ಚಿ ಮ್ಯಾಲ ಇರಾಂಗಿಲ್ರಿ,” ಎಂದು ಅವನು ಬೇರೆ ಕಡತ ತೆಗೆದ.

ಮುಂದಿನ ವರ್ಷ, ೨೨೧೩ರ ಜುಲೈ ಹತ್ತೊಂಬತ್ತರ ಬೆಳಿಗ್ಗೆ, ನಾನು ಗೋಪುರ ಹತ್ತಿ ಹೊಳೆ ಬಂದ ಸುದ್ದಿ ಓದಿದೆ. ಅದನ್ನು ಬಿಡಲಿಲ್ಲ, ಅದೂ ನಿಜವೇ. ಆಮೇಲೆ ಪಟ್ಟಿ ಮಡಚಿಟ್ಟು, ಇದೇ ದಿನ ಸಂಜೆ ಐದಕ್ಕೆ ತೂಗುಬಂಡಿ ಬಿತ್ತು ಎಂದು ಹೇಳಿ ಮೂವತ್ತೆಂಟು ಹೆಸರು ಓದಿದೆ. ಚೀಟಿಯನ್ನು ಓದಿದೆ. ಯಾರ ಸಹಿ ಎಂಬುದನ್ನೂ ಓದಿದೆ. ಕೆಳಗೆ ಊರಿನಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತುಹೋಗಿತ್ತು, ನಾನು ಮುಗಿಸಿದ ಮೇಲೂ ಶುರುವಾಗಲಿಲ್ಲ.

ಮೊದಲು ಮೆಟ್ಟಿಲು ಹತ್ತಿ ಬಂದವಳು ಆ ದಿನ ಮಗಳ ಮದುವೆ ಇಟ್ಟುಕೊಂಡಿದ್ದ ತಾಯಿ. “ಹಂದರದಾಗ ಹೆಣ ತಂದ ಇಟ್ಟೆಲ್ಲ, ನಿನಗ ಒಳ್ಳೇದಾಗತೈತೇನು?” ಎಂದು ಅತ್ತಳು. ಎರಡನೆಯವನು ಕೋಲೂರಿಕೊಂಡು ಬಂದ ಮುದುಕ. ಕೂತು ಏದುಸಿರು ಸುಧಾರಿಸಿಕೊಂಡು, “ಆವತ್ತ ಬಂಡಿ ಹತ್ತೂ ಸರದ್ಯಾಗ ನಂದ ಮುಂದಿನ ಪಾಳಿ ಇತ್ತು. ನಲವತ್ತೆಲ್ಡು ವರ್ಷ ಆತು, ಯಾರೂ ನನ್ನ ಕೇಳಿಲ್ಲ,” ಎಂದ. ಸಂಜೆಯೊಳಗೆ ಅವನಂಥವರು ಅರವತ್ತೊಂದು ಮಂದಿ ಬಂದು, ಬಂಡಿ ಬಿದ್ದದ್ದು ಹತ್ತೊಂಬತ್ತಕ್ಕೇ ಎಂಬ ಹೇಳಿಕೆಗೆ ಹೆಬ್ಬೆಟ್ಟು ಒತ್ತಿದರು. ಮರುದಿನ ನನ್ನನ್ನು ಕೆಲಸದಿಂದ ತೆಗೆದರು. ಅದಕ್ಕೆ ನನಗೆ ದುಃಖವಾಗಲಿಲ್ಲ. ಅರವತ್ತೊಂದು ಹೆಬ್ಬೆಟ್ಟಿನ ಕಾಗದ ಮಂಡಳಿಯ ಮೇಜಿನ ಮೇಲಿತ್ತು.

ಈ ಜೂನ್ ತಿಂಗಳಲ್ಲಿ ಮಂಡಳಿಯ ಆದೇಶ ಬಂತು. ಅದನ್ನು ಹಾಗೆಯೇ ಬರೆಯುತ್ತೇನೆ: ‘ಸಾರ್ವಜನಿಕರ ಭಾವನೆಗಳಿಗೆ ಮನ್ನಣೆಯಿತ್ತು ತೂಗುಬಂಡಿ ದುರಂತವನ್ನು ಜುಲೈ ೧೯ಕ್ಕೆ ನಿಗದಿಪಡಿಸಲಾಗಿದೆ. ಒಂದು ದಿನಕ್ಕೆ ಒಂದೇ ಬಣ್ಣ ಎಂಬ ನಿಯಮದ ಪ್ರಕಾರ ಹೊಳೆ ಬಂದ ದಿನವನ್ನು, ಅದು ಮೊದಲು ಬಂದ ವರ್ಷದಿಂದಲೇ ಅನ್ವಯವಾಗುವಂತೆ, ಜುಲೈ ೧೮ಕ್ಕೆ ಬದಲಾಯಿಸಲಾಗಿದೆ.’

ಊರಿನವರು ನಾನು ಗೆದ್ದೆನೆಂದು ಹಾರ ತಂದು ಹಾಕಿದರು. ತೋಟಪ್ಪನೂ ಬಂದಿದ್ದ, ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಹಾರ ಹಾಕಿಕೊಂಡೇ ದಡಕ್ಕೆ ಹೋಗಿ ಹುಲಿಗೆವ್ವನಿಗೆ ಆದೇಶ ಓದಿ ಹೇಳಿದೆ. ಆಕೆ ಮೊದಲು ನಕ್ಕಳು.

“ಮೊದಲ ನಮ್ಮಪ್ಪ ಹಬ್ಬದ ಮಾರನೇ ದಿನ ಮಂದಿನ್ನ ಕೊಂದಿದ್ದ. ಈಗೂ ಹಬ್ಬದ ಮಾರನೇ ದಿನಾನ ಕೊಂದಾನ. ಏನ ಬದಲಾತ ಮಾಬವ್ವ?”

ಚೀಟಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಮತ್ತೆ ಅರ್ಜಿ ಹಾಕೋಣ ಎಂದೆ. “ಸಾಕ ಬಿಡವ್ವ, ನಿಂದೂ ಜೀವಾನ,” ಎಂದು ಒಳಗೆ ಹೋದಳು. ಹೋದ ತಿಂಗಳು ಹದಿನೆಂಟಕ್ಕೆ ಹಬ್ಬವಾಯಿತು, ಹುಗ್ಗಿಯೂ ಆಯಿತು. ಹತ್ತೊಂಬತ್ತಕ್ಕೆ ಹೊಸ ದಿನಗಾರ್ತಿ, ಎಳೆಯ ಹುಡುಗಿ, ನಿರ್ಲಕ್ಷ್ಯ ಎಂಬ ಸಾಲನ್ನು ಸ್ಪಷ್ಟವಾಗಿ ಓದಿದಳು. ನಾನು ಮೆಣಸಿನಕಾಯಿ ಒಣಗಿಸುವ ಅಂಗಳದಲ್ಲಿ ನಿಂತು ಕೇಳಿದೆ. ಈಗ ನನ್ನ ಕೆಲಸ ಅಲ್ಲಿ. ಹತ್ತೊಂಬತ್ತು ಯಾವಾಗಲೂ ಬಿಳಿ ದಿನವೇ ಆಗಿತ್ತಲ್ಲವೇ ಎಂದು ಜೊತೆಯವಳೊಬ್ಬಳು ನನ್ನನ್ನೇ ಕೇಳಿದಳು. ಆದೇಶ ಬಂದು ಒಂದೂವರೆ ತಿಂಗಳೂ ಆಗಿರಲಿಲ್ಲ.

ಹಿರಿಯರೇ, ೨೧೪೮ರಿಂದ ಈಚಿನ ಎಲ್ಲ ಪುಸ್ತಕಗಳನ್ನೂ ಅವರು ತಿದ್ದಿ ಅಚ್ಚು ಹಾಕಿಸುತ್ತಿದ್ದಾರೆ. ಮುಂದೆ ಹುಟ್ಟುವವರಿಗೆ ಬರೆದರೆ ಅದೂ ಮಂಡಳಿಯ ಕೈ ದಾಟಿಯೇ ಹೋಗಬೇಕು. ನಿಮ್ಮ ಮನೆಗಳವರೆಗೆ ಮಾತ್ರ ಅವರ ಕೈ ಚಾಚಲಾರದು. ನಿಮ್ಮ ಗೋಡೆಗಳ ಮೇಲೆ ಕ್ಯಾಲೆಂಡರ್ ತೂಗುಹಾಕುತ್ತೀರೆಂದು, ಹಾಲಿನವನು ಬಾರದ ದಿನವನ್ನೂ ಅದರ ಮೇಲೆ ಗುರುತು ಮಾಡುತ್ತೀರೆಂದು ಓದಿದ್ದೇನೆ. ಈ ಕಾಗದ ನಿಮ್ಮಲ್ಲಿ ಯಾರಿಗೆ ಸಿಕ್ಕರೂ ದಯವಿಟ್ಟು ಜುಲೈ ಹತ್ತೊಂಬತ್ತರ ಚೌಕದಲ್ಲಿ ಪೆನ್ನಿನಿಂದ ಬರೆದಿಡಿ: ಈ ದಿನ ಕರಿಗಡ್ಡಿಗೆ ಹೊಳೆ ಬಂತು. ಈ ದಿನವೇ ತೂಗುಬಂಡಿ ಬಿತ್ತು. ಯಮನಪ್ಪ ನಿಲ್ಲಿಸುತ್ತೇನೆ ಅಂದಿದ್ದ. ಇವೆಲ್ಲ ನಿಮಗಿನ್ನೂ ನಡೆದೇ ಇಲ್ಲ, ಅರ್ಥವೂ ಆಗಲಿಕ್ಕಿಲ್ಲ. ಆದರೂ ಬರೆದಿಡಿ. ಚೌಕ ಸಣ್ಣದಿರುತ್ತದೆ, ಮೂರೂ ಹಿಡಿಸದಿರಬಹುದು. ಹಾಗಾದರೆ ಅಕ್ಷರ ಸಣ್ಣದು ಮಾಡಿ. ಪಕ್ಕದ ಚೌಕಕ್ಕೆ ಮಾತ್ರ ಹೋಗಬೇಡಿ.

ಇಂತಿ ನಿಮ್ಮ,
ಮಾಬುಬಿ ನದಾಫ್