ಉಳಿದಿರುವ ಆರು ಹಾಳೆ

ಗದಗ-ಬೆಟಗೇರಿ
ಫೆಬ್ರವರಿ 30, 2191

ರೋಲ್ ನಂಬರ್ ಇಪ್ಪತ್ತೇಳಕ್ಕೆ,

ದಿನಾಂಕ ನೋಡಿ ನಗಬೇಡ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಪದಗಳು ನಿನಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಆ ಒಂದಕ್ಕೆ ಮಾತ್ರ ಕ್ಷಮೆ, ಉಳಿದ ಯಾವುದಕ್ಕೂ ಈ ಪತ್ರದಲ್ಲಿ ಕೇಳುವುದಿಲ್ಲ. ಇದನ್ನು ಹಿಂದೋಲೆ ಎನ್ನುತ್ತಾರೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ. ಅಂಚೆಯವರು ತೆಗೆದುಕೊಳ್ಳುತ್ತಾರೆ, ಆದರೆ ತಲುಪಿದ ಸುದ್ದಿ ಇವತ್ತಿನವರೆಗೆ ಯಾರಿಗೂ ಬಂದಿಲ್ಲ. ನಿನ್ನ ಹೆಸರು ಗೊತ್ತಿದ್ದರೆ ಹೆಸರು ಹಿಡಿದೇ ಬೈಯುತ್ತಿದ್ದೆ.

ನಾನು ನೀಲವ್ವ ಬಡಿಗೇರ. ಇಲ್ಲಿನ ವಿನ್ಯಾಸ ವಿದ್ಯಾಪೀಠದಲ್ಲಿ ಕೊನೆಯ ವರ್ಷದಲ್ಲಿದ್ದೇನೆ. ಓದುವುದು ನೀನು ಓದುವುದನ್ನೇ. ಒಂದು ವಸ್ತುವನ್ನೋ ವ್ಯವಸ್ಥೆಯನ್ನೋ ರೂಪಿಸುವ ಮೊದಲು ಅದನ್ನು ಬಳಸುವ ಜನರನ್ನು ಅರಿಯುವುದು ಹೇಗೆ ಎಂಬ ಸಂಶೋಧನಾ ವಿಧಾನ. ಪ್ರಶ್ನಾವಳಿ ಹಿಡಿದು ಬಿಸಿಲಲ್ಲಿ ಮನೆಮನೆ ತಿರುಗುವ ಕಷ್ಟ ನಿಮಗಿತ್ತು. ನಮಗಿಲ್ಲ, ಯಾಕೆಂದರೆ ನಮಗೆ ಗೊಂಬೆಮಂದಿ ಇದ್ದಾರೆ. ಹಳೆಯ ಸಮೀಕ್ಷೆಗಳ ಉತ್ತರಗಳನ್ನೆಲ್ಲ ಅರೆದು ಯಂತ್ರ ಕಟ್ಟಿದ ಮನುಷ್ಯರು ಅವರು. ಮೈಯಿಲ್ಲ, ಅಭಿಪ್ರಾಯ ಮಾತ್ರ ಇದೆ. ರೈತ ಬೇಕೆ, ಬಸುರಿ ಬೇಕೆ, ಕಿವಿ ಮಂದವಾದವರು ಬೇಕೆ, ತರಗತಿಯಲ್ಲಿ ಕೂತಲ್ಲೇ ಕರೆದು ಕೇಳಬಹುದು. ಯಾರೂ ಸಿಡುಕುವುದಿಲ್ಲ. "ಒಲಿ ಮ್ಯಾಲ ಹಾಲೈತಿ, ಆಮ್ಯಾಲ ಬಾ" ಎಂದು ಬಾಗಿಲಲ್ಲೇ ವಾಪಸು ಕಳಿಸುವುದೂ ಇಲ್ಲ. ಮೂರು ವರ್ಷ ನಾನೂ ಅವರನ್ನೇ ಕೇಳಿ ಒಳ್ಳೆಯ ಅಂಕ ತೆಗೆದಿದ್ದೇನೆ.

ನಮ್ಮ ಊರಲ್ಲಿ ಬೀದಿಗೊಂದು ಗುಳಿಗೆಕಿಂಡಿ ಇದೆ. ಗೋಡೆಯಲ್ಲಿ ಒಂದು ಚಿಕ್ಕ ಬಾಗಿಲು, ಹೆಬ್ಬೆರಳು ಒತ್ತಿದರೆ ಆ ದಿನದ ಔಷಧಿ ಹೊರಗೆ ಬರುತ್ತದೆ. ಅದು ತೆರೆಯುವುದು ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ. ಮೂರು ದಿನ ಬರದವರನ್ನು "ಅಗತ್ಯವಿಲ್ಲದವರು" ಎಂದು ಅಳಿಸಿಬಿಡುತ್ತದೆ. ಹತ್ತೇ ಗಂಟೆ ಯಾಕೆ ಅಂದರೆ ಗೊಂಬೆಮಂದಿಯಲ್ಲಿ ಹಿರಿಯರ ಪರವಾಗಿ ಉತ್ತರಿಸುವ ಗೊಂಬೆಯಜ್ಜಿ ಹಾಗೆ ಹೇಳಿದ್ದಾಳೆ. ಆಕೆಗೆ ಅರವತ್ತೈದು ವರ್ಷ, ಬೆಳಿಗ್ಗೆ ಪೂರ್ತಿ ಬಿಡುವು, ಯಾವುದನ್ನು ಕೇಳಿದರೂ "ತುಂಬಾ ತೃಪ್ತಿಕರ". ನೂರಾರು ಊರುಗಳ ಕಿಂಡಿಗಳು ಈ ಮುದುಕಿಯ ಒಂದು ಮಾತಿನ ಮೇಲೆ ನಿಂತಿವೆ.

ಅಂತಿಮ ವರ್ಷದ ಅಧ್ಯಯನಕ್ಕೆ ನನಗೆ ಸಿಕ್ಕಿದ್ದು ಈ ಕಿಂಡಿಯೇ. ದಿನಾ ಓಡಾಡುವ ಬೀದಿಯಲ್ಲಿ ದ್ಯಾಮವ್ವ ಎಂಬ ನೇಕಾರಜ್ಜಿ ಇದ್ದಾರೆ. ಈಗಿನ ಬಿಸಿಲಿಗೆ ಬೀದಿಗಳ ಮೇಲೆಲ್ಲ ಬಟ್ಟೆಯ ಚಪ್ಪರ ಕಟ್ಟುತ್ತೇವೆ, ಅದನ್ನು ನೇಯುವವರು ಅವರು. ಅರ್ಧ ಬೆಟಗೇರಿ ತಂಪಾಗಿ ನಡೆದಾಡುವುದು ಅವರ ಕೈಕೆಲಸದ ಕೆಳಗೆ. ಒಂದು ದಿನ ಮಗ್ಗದ ಮೇಲೆಯೇ ತಲೆ ತಿರುಗಿ ಬಿದ್ದರು. ಬಿಪಿ ಗುಳಿಗೆ ನಿಂತು ಎರಡು ತಿಂಗಳಾಗಿತ್ತು. ಕಿಂಡಿ ಅವರನ್ನು ಅಳಿಸಿತ್ತು.

ನಾನು ಹನ್ನೆರಡು ದಿನ ಅವರ ಮಗ್ಗದ ಪಕ್ಕ ಕೂತೆ. ಅದನ್ನು ಯಾರೂ ನನಗೆ ಕಲಿಸಿರಲಿಲ್ಲ. ಮೊದಲ ದಿನ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಬೈಸಿಕೊಂಡೆ. "ಸುಮ್ಮ ಕುಂತು ನೋಡವಾ, ಬಾಯಿ ಎಷ್ಟ್ ಬಡಕೋತಿ" ಅಂದರು. ಎರಡನೆಯ ದಿನದಿಂದ ಬಾಯಿ ಮುಚ್ಚಿಕೊಂಡು, ಅವರು ಯಾವಾಗ ಏಳುತ್ತಾರೆ, ಯಾವಾಗ ರೊಟ್ಟಿ ತಿನ್ನುತ್ತಾರೆ, ಮಂಡಿ ಹಿಡಿದುಕೊಂಡು ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಬರೆದುಕೊಂಡೆ. ಬೆಳಿಗ್ಗೆ ಮಗ್ಗಕ್ಕೆ ಕೂತರೆ ಅವರು ಏಳುವುದು ಮಧ್ಯಾಹ್ನಕ್ಕೆ. ಆರನೆಯ ದಿನ ಅವರೇ ಮಾತು ತೆಗೆದರು. "ಹತ್ತಕ್ಕ ನಾ ಮಗ್ಗದಾಗ ಇರ್ತೀನಿ. ಮೊದಲ ಹೆಂಗೋ ಬಿಟ್ಟು ಓಡತಿದ್ದೆ, ಈಗ ಮಂಡಿ ಏಳಗೊಡಂಗಿಲ್ಲ. ಸಂಜಿ ಮುಂದ ತೆರಿ ಅಂತ ಹೇಳ ನಿನ್ನ ಕಿಂಡಿಗೆ. ಇಷ್ಟ್ ವರ್ಸಾತು, ನನ್ನ ಯಾರೂ ಕೇಳೇ ಇಲ್ಲ ನೋಡು." ಆ ಮಾತಿಗೆ ನನಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಸಿಟ್ಟು ಇನ್ನೂ ಇಳಿದಿಲ್ಲ.

ಬರೆದುಕೊಂಡದ್ದನ್ನು ಟಿಪ್ಪಣಿ ಮಾಡಿ ವಿದ್ಯಾಪೀಠಕ್ಕೆ ಸಲ್ಲಿಸಿದೆ. ನಿಯಮದ ಪ್ರಕಾರ ಅದು ದಾಖಲೆಯಲ್ಲಿ ಇರುವಷ್ಟು ದಿನ ಕಿಂಡಿ ದ್ಯಾಮವ್ವನವರಿಗೆ ಸಂಜೆ ಗುಳಿಗೆ ಕೊಡಲೇಬೇಕು. ಕೊಡುತ್ತಿದೆ. ನಮಗೆ ಸಂಶೋಧನಾ ವಿಧಾನ ಕಲಿಸುವ ಹಾದಿಮನಿ ಸರ್ ಟಿಪ್ಪಣಿ ಓದಿ ಮೂಗು ಮುರಿದರು. "ಎಷ್ಟ್ ಮಂದಿನ್ನ ಕೇಳೀದಿ? ಒಬ್ಬಾಕಿನ್ನ! ಅದು ಸಂಶೋಧನಾ ಅಲ್ಲವಾ, ಹರಟಿ." ಗೊಂಬೆಯಜ್ಜಿಯ ಹಿಂದೆ ನಲವತ್ತು ಜನ ಇದ್ದಾರಂತೆ. ಹಾಗಿದ್ದರೆ ಆ ನಲವತ್ತು ಜನರನ್ನೂ ನೋಡಿಯೇ ಬಿಡೋಣ ಎಂದು ಮೂಲಕೋಣೆಗೆ ಹೋದೆ. ಯಂತ್ರಕ್ಕೆ ಉಣಿಸಿದ ಹಳೆಯ ಹಾಳೆಗಳನ್ನೆಲ್ಲ ಇಟ್ಟಿರುವ ಕೋಣೆ ಅದು.

ಅಲ್ಲಿ ಸಿಕ್ಕವನು ನೀನು. ನೂರಾ ಅರವತ್ತೈದು ವರ್ಷದ ಹಿಂದಿನ ನಲವತ್ತು ಹಾಳೆ, "ಹಿರಿಯ ನಾಗರಿಕರ ಸಮೀಕ್ಷೆ". ನಲವತ್ತೂ ಒಂದೇ ಪೆನ್ನು, ಒಂದೇ ಕೈಬರಹ. ಬರೆದವನ ಹೆಸರಿಲ್ಲ, ಮೂಲೆಯಲ್ಲಿ ರೋಲ್ ನಂಬರ್ ಇಪ್ಪತ್ತೇಳು ಅಂತ ಅಷ್ಟೇ. ನಲವತ್ತು ಜನರಿಗೂ ಅರವತ್ತೈದೇ ವಯಸ್ಸು. ಎಲ್ಲರಿಗೂ ಬೆಳಿಗ್ಗೆ ಹತ್ತಕ್ಕೇ ಬಿಡುವು, ಎಲ್ಲರಿಗೂ ತುಂಬಾ ತೃಪ್ತಿ. ಮೂವತ್ತನಾಲ್ಕನೆಯದರ ಮೇಲೆ ಚಹಾ ಲೋಟದ ಗುರುತು, ಬೆನ್ನಿಗೆ ನಿನ್ನದೇ ಅಕ್ಷರದಲ್ಲಿ: "ಇನ್ನು ಆರು. ಆಮೇಲೆ ಸಿನಿಮಾ."

ಕ್ಯಾಂಟೀನಿನಲ್ಲಿ ಕೂತು ನಲವತ್ತು ಮುದುಕರಾಗಿಬಿಟ್ಟೆಯಲ್ಲೋ ಮಹಾರಾಯ. ನಿನಗೆ ಅದು ಒಂದು ಅಸೈನ್‌ಮೆಂಟ್, ಹತ್ತು ಅಂಕ, ಮೇಷ್ಟರು ತಿರುವಿ ಹಾಕಿ ಮರೆಯುವ ಕಾಗದ. ನನಗೂ ಗೊತ್ತು, ಬಿಸಿಲಿತ್ತು, ಬಾಗಿಲು ತೆರೆಯುವವರಿರಲಿಲ್ಲ, ಎಲ್ಲರೂ ಹಾಗೇ ಮಾಡುತ್ತಿದ್ದರು. ಮೂರು ವರ್ಷ ನಾನೂ ಗೊಂಬೆಗಳ ಜೊತೆ ಕೂತವಳೇ. ಅದಕ್ಕೇ ನಿನ್ನನ್ನು ಪೂರ್ತಿ ದ್ವೇಷಿಸಲು ಆಗುತ್ತಿಲ್ಲ, ಅದೂ ಒಂದು ಸಂಕಟ.

ಹಾಳೆಗಳನ್ನು ವಿದ್ಯಾಪೀಠದ ಪರೀಕ್ಷಾ ಸಮಿತಿಯ ಮೇಜಿನ ಮೇಲೆ ಹರಡಿದೆ. ನಿಮ್ಮ ನಲವತ್ತು ಮಂದಿಯೂ ಒಬ್ಬನೇ, ನನ್ನ ಕಡೆ ಇರುವವರೂ ಒಬ್ಬರೇ, ಆದರೆ ನನ್ನವರು ನಿಜವಾಗಿ ಇದ್ದಾರೆ, ನಡೆಯಿರಿ ತೋರಿಸುತ್ತೇನೆ ಎಂದೆ. ಒಬ್ಬರೂ ಏಳಲಿಲ್ಲ. ಈ ಅಜ್ಜಿಯನ್ನು ಕೆಡವಿದರೆ ಅವಳ ಮೇಲೆ ಕಟ್ಟಿದ ಏಳುನೂರು ಗೊಂಬೆಗಳೂ ಬೀಳುತ್ತವೆ, ಬೇಡ ಎಂದರು. ಹಾದಿಮನಿ ಸರ್ ಮಾತ್ರ ಒಂದು ಹಾಳೆಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಕೊನೆಗೆ ತೀರ್ಪು ಬಂತು. ನಾಳೆ ಹನ್ನೊಂದು ಗಂಟೆಯೊಳಗೆ ಟಿಪ್ಪಣಿ ಹಿಂತೆಗೆದುಕೊಂಡು ಸಹಿ ಹಾಕಿದರೆ ಪದವಿ ಸಿಗುತ್ತದೆ. ಹಾಕದಿದ್ದರೆ ನನ್ನ ಹೆಸರು ತೆಗೆಯುತ್ತಾರೆ, ಆದರೆ ಬರೆದವಳ ಸಹಿಯಿಲ್ಲದೆ ಟಿಪ್ಪಣಿಯನ್ನು ದಾಖಲೆಯಿಂದ ತೆಗೆಯುವಂತಿಲ್ಲ. ಹಾಕಿದರೆ ದ್ಯಾಮವ್ವನವರ ಗುಳಿಗೆ ನಾಡಿದ್ದಿನಿಂದ ಬಂದ್.

ನನ್ನ ಕೈಯಲ್ಲಿ ಸಹಿ ಮಾಡಿಸುವ ಗಂಡಸು, ಹೆಂಗಸು, ಗೊಂಬೆ ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಹೆಸರು ತೆಗೆಯಲಿ. ನಾನು ಮತ್ತೆ ಮಗ್ಗದ ಪಕ್ಕ ಹೋಗಿ ಕೂರುತ್ತೇನೆ, ಆಮೇಲೆ ಪಕ್ಕದ ಮನೆ, ಅದರಾಚೆಯ ಮನೆ. ನಲವತ್ತು ಬೇಕಂತಲ್ಲ, ನಲವತ್ತು ಜೀವಂತ ಮಂದಿಯನ್ನು ತಂದು ಸಮಿತಿಯ ಬಾಗಿಲಲ್ಲಿ ನಿಲ್ಲಿಸುತ್ತೇನೆ.

ನಿನ್ನಿಂದ ನನಗೆ ಬೇಕಾದದ್ದು ಒಂದೇ. ಗೊಂಬೆ ಕಟ್ಟುವ ಯಂತ್ರಕ್ಕೆ ಒಂದು ಹಳೆಯ ನಿಯಮವಿದೆ. ಸುಳ್ಳನ್ನು ಅದು ಗುರುತಿಸಲಾರದು, ಆದರೆ ಖಾಲಿ ಹಾಳೆ ಕಂಡರೆ ನಿಂತುಬಿಡುತ್ತದೆ. ಆಗ ಯಾರಾದರೊಬ್ಬ ಮನುಷ್ಯ ಎದ್ದು ಹೋಗಿ ಇನ್ನೊಬ್ಬ ಮನುಷ್ಯನನ್ನು ಕೇಳಿ ಬರಲೇಬೇಕು. ಈ ಓಲೆ ಸರಿಯಾದ ಹೊತ್ತಿಗೆ ತಲುಪಿದ್ದರೆ ನಿನ್ನ ಲೋಟದಲ್ಲಿ ಇನ್ನೂ ಚಹಾ ಇದೆ, ಮೂವತ್ತನಾಲ್ಕು ಮುಗಿದಿದೆ. ಉಳಿದ ಆರು ಹಾಳೆ ಖಾಲಿ ಬಿಡು. ಅಂಕ ಹೋದರೆ ಹೋಗಲಿ. ಸಿನಿಮಾಕ್ಕೆ ಬೇಕಾದರೆ ಹೋಗು.

ಹಿಂತೆಗೆತದ ಪತ್ರ ನನ್ನ ಮುಂದೆಯೇ ಇದೆ. ಸಹಿಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ದ್ಯಾಮವ್ವಜ್ಜಿ ಇವತ್ತು ಸಂಜೆಯೂ ಕಿಂಡಿಗೆ ಹೋಗಿ ಗುಳಿಗೆ ತಂದರು.

ನೀಲವ್ವ ಬಡಿಗೇರ
ನಾಳೆ ಹನ್ನೊಂದರವರೆಗೆ ರೋಲ್ ನಂಬರ್ ಒಂಬತ್ತು