ಒಂದೇ ಮನೆ, ಒಂದೇ ಒಲೆ

ಮಾರ್ಚ್ 9, ಭಾನುವಾರ

ಗುಬ್ಬಿಗೆ,

ನಾನಿಲ್ಲಿ ಕ್ಷೇಮ ಎಂದು ಶುರು ಮಾಡಬೇಕು. ಕ್ಷೇಮವಿಲ್ಲ. ಮೊಣಕಾಲು ಇನ್ನೂ ಪೂರ್ತಿ ಮಡಚುವುದಿಲ್ಲ. ಮೆಟ್ಟಿಲಿಳಿಯುವಾಗ ಆಗತಾನೇ ನಡೆಯಲು ಕಲಿತ ಮಕ್ಕಳ ಹಾಗೆ ಒಂದೊಂದಕ್ಕೂ ಎರಡೂ ಕಾಲಿಡುತ್ತೇನೆ. ನೀವೆಲ್ಲ ಚೆನ್ನಾಗಿದ್ದೀರೆಂದು ಕೇಳಿದೆ, ಸಂತೋಷ. ನಿನ್ನ ಮೆಸೇಜುಗಳಿಗೆ ಇಷ್ಟು ದಿನ ಉತ್ತರ ಕೊಡಲಿಲ್ಲ, ಅದಕ್ಕೆ ಕ್ಷಮೆ ಕೇಳುವುದು ಪದ್ಧತಿ. ಕೇಳಿದೆ ಅಂದುಕೋ.

ಮೊದಲು ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದೆ. ನಾವಿಬ್ಬರೂ ಓದಿದ್ದು ಅದರಲ್ಲೇ ತಾನೆ. ಆದರೆ ಅದರಲ್ಲಿ ನನ್ನ ಸಿಟ್ಟು ರಜೆ ಅರ್ಜಿಯ ಹಾಗೆ ಕಾಣುತ್ತಿತ್ತು. ಜಗಳಕ್ಕೆ ಅಮ್ಮನ ಭಾಷೆಯೇ ಸರಿ.

ಹೊಸ ರೂಮು ಪರವಾಗಿಲ್ಲ. ಕಿಟಕಿ ಲಾಂಡ್ರಿಯವನ ಹಿತ್ತಲಿಗೆ ತೆರೆಯುತ್ತದೆ, ಇಡೀ ದಿನ ಕಂಡವರ ಬೆಡ್‌ಶೀಟು ನೋಡಬಹುದು. ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಿಂದ ಎತ್ತಿ ಮುಂದಿನ ಕೌಂಟರಿಗೆ ಹಾಕಿದ್ದಾರೆ. ರಕ್ತ ತೆಗೆಯುವುದು ನಿಂತು ಮಾಡುವ ಕೆಲಸ, ನನಗೆ ನಿಲ್ಲಲಾಗುವುದಿಲ್ಲ. ಯಾರಿಗೂ ಸಿಗದ ನರ ಹುಡುಕಿಕೊಡುತ್ತಿದ್ದವಳು ಈಗ ಟೋಕನ್ ಹರಿದು ಕೊಡುತ್ತೇನೆ. ಇನ್ನೊಂದು ಆಪರೇಷನ್ ಆದರೆ ಮೊದಲಿನ ಹಾಗೆ ನಿಲ್ಲಬಹುದು, ಆದರೆ ತಡ ಮಾಡಬಾರದು ಎನ್ನುತ್ತಾರೆ ಮೂಳೆ ಡಾಕ್ಟರು. ಅಷ್ಟು ದುಡ್ಡು ನನ್ನಲ್ಲಿಲ್ಲ, ಈ ಪತ್ರ ಅದಕ್ಕೇ.

ಆ ದಿನದ್ದನ್ನು ನೆನಪಿಸುತ್ತೇನೆ, ಯಾಕೆಂದರೆ ನಿನ್ನ ನೆನಪು ನಿನಗೆ ಅನುಕೂಲವಾದ ಕಡೆಗೇ ವಾಲುತ್ತದೆ. ಕಾರು ಓಡಿಸುತ್ತಿದ್ದವಳು ನೀನು. ನಾನು ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ನಿನ್ನ ಇಸ್ತ್ರಿ ಬಟ್ಟೆಯ ಗಂಟು. "ಅಕ್ಕ, ಮೇಲಿನ ರೂಮು ನಮಗೆ ಬೇಕು. ನೀನು ಬೇರೆ ಎಲ್ಲಾದ್ರೂ ನೋಡ್ಕೋ," ಎಂದೆ ನೀನು. "ನೋಡ್ಕೋತೀನಿ. ನೀನು ರೋಡು ನೋಡು," ಎಂದೆ ನಾನು. "ಹಾಗೆ ಮುಖ ಊದಿಸ್ಕೋಬೇಡ," ಎಂದು ಊದಿದೆಯೋ ಇಲ್ಲವೋ ನೋಡಲು ನನ್ನ ಕಡೆ ತಿರುಗಿದೆ. ಕೆಂಪು ದೀಪ ದಾಟಿದ್ದು ಆಗ. ಬ್ರೆಡ್ ವ್ಯಾನು ಬಂದು ಗುದ್ದಿದ್ದು ನನ್ನ ಬಾಗಿಲಿಗೆ. ನಿನಗೆ ಒಂದು ತರಚುಗಾಯವೂ ಆಗಲಿಲ್ಲ. ಆಗಬೇಕಿತ್ತು ಅಂತಲ್ಲ.

ಆಸ್ಪತ್ರೆಯಲ್ಲಿ ನಾನು ವಿಮೆಯ ಮಾತೆತ್ತಿದ್ದಕ್ಕೆ ನೀನು, "ನನ್ನ ಮೇಲೇ ಕೇಸ್ ಹಾಕ್ತೀಯಾ? ಒಡಹುಟ್ಟಿದವಳ ಮೇಲೆ?" ಎಂದು ನರ್ಸು ಬಂದು ಬಾಗಿಲು ಮುಚ್ಚುವಷ್ಟು ಕೂಗಿದೆ. ಆಗ ಹೇಳಿದ್ದನ್ನೇ ಈಗಲೂ ಹೇಳುತ್ತೇನೆ. ನಿನ್ನ ಕಾರಿನ ವಿಮೆಯಲ್ಲಿ ಒಂದು ಭಾಗ ಇರುವುದೇ ಇಂಥದ್ದಕ್ಕೆ. ಅದು ನಿನ್ನ ಗಾಯಕ್ಕಲ್ಲ, ಕಾರಿನ ನೆಗ್ಗಿಗೂ ಅಲ್ಲ. ನಿನ್ನ ತಪ್ಪಿನಿಂದ ಇನ್ನೊಬ್ಬರ ಮೈಗೆ ಪೆಟ್ಟಾದರೆ ಅವರ ಆಸ್ಪತ್ರೆ ಖರ್ಚು, ಹೋದ ಸಂಬಳ, ಪಟ್ಟ ನೋವು, ಇದಕ್ಕೆಲ್ಲ ನೀನು ತೆರಬೇಕಾದ್ದನ್ನು ನಿನ್ನ ಬದಲು ಕಂಪನಿ ತೆರುತ್ತದೆ, ಒಂದು ಮಿತಿಯವರೆಗೆ. ಹೆಸರು ನಿನ್ನದು, ಜೇಬು ಅವರದು. "ತಪ್ಪು ನಂದು ಅಂತ ಒಪ್ಕೋಬೇಕಲ್ಲ," ಎಂದೆ ನೀನು. ಹೌದು, ಅಷ್ಟು ಮಾತ್ರ ನಿನ್ನ ಕೈಯಿಂದ ಹೋಗುತ್ತಿತ್ತು. "ಮುಂದಿನ ವರ್ಷ ಕಂತು ಏರುತ್ತೆ," ಎಂದರು ನಿನ್ನ ಯಜಮಾನರು, ನನ್ನ ಕಾಲಿಗೆ ಹಾಕಿದ ಕಂಬಿ ನೋಡುತ್ತ.

ಮನೆಗೆ ಬಂದ ಮೇಲೆ, ಮೆಟ್ಟಿಲು ಹತ್ತಲಾಗದೆ ನಿನ್ನ ಹಾಲಿನ ಸೋಫಾ ಮೇಲೆ ಮಲಗಿದ್ದೆ. ಕಂಪನಿಯ ವಿಚಾರಣೆಯವರು ಬಂದು ಕುರ್ಚಿಯ ತುದಿಯಲ್ಲಿ ಕೂತರು. "ಇವರು ನಿಮ್ಮಲ್ಲಿ ಹೇಗೆ? ಬಾಡಿಗೆಗಿರೋದಾ, ಮನೆಯವರಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀನು ಬಂದು ನನ್ನ ದಿಂಬು ಸರಿ ಮಾಡಿದೆ. ಹೆಗಲ ಮೇಲೆ ಕೈಯಿಟ್ಟೆ. "ಬಾಡಿಗೆ ಎಲ್ಲಿಂದ ಬಂತು ಸರ್! ನಮ್ಮಕ್ಕ. ನಮ್ಮನೆಯವಳೇ. ಒಂದೇ ಮನೆ, ಒಂದೇ ಒಲೆ." ಅವರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಕಂಪನಿಯ ಉತ್ತರ ಬಂದಾಗಲೇ ವಿಷಯ ತಿಳಿದದ್ದು. ನಿಮ್ಮ ಪಾಲಿಸಿಯಲ್ಲಿ ಕಾರಿನವರ ಸಂಬಂಧಿಕರು ಅದೇ ಮನೆಯಲ್ಲಿ ಮನೆಯವರಾಗಿ ಇದ್ದರೆ ಅವರ ಗಾಯಕ್ಕೆ ಈ ಭಾಗದಿಂದ ಬಿಡಿಗಾಸೂ ಸಿಗುವುದಿಲ್ಲ. ಮನೆಮಂದಿ ಒಳಗೊಳಗೇ ಮಾತಾಡಿಕೊಂಡು ಕಂಪನಿಗೆ ಟೋಪಿ ಹಾಕಬಾರದು ಎಂದು ಇಟ್ಟ ಷರತ್ತಂತೆ. ನಾನು ಯಾರೋ ದಾರಿಹೋಕಳಾಗಿದ್ದರೆ ಸಿಗುತ್ತಿತ್ತು. ಬ್ರೆಡ್ ವ್ಯಾನಿನವನ ಮಣಿಕಟ್ಟಿಗೆ ಸಿಕ್ಕಿದೆ.

ನಿನಗೂ ಗೊತ್ತಿರಲಿಲ್ಲ ಎಂದೇ ನಂಬಿಕೊಂಡಿದ್ದೆ. ಪ್ರೀತಿಯಿಂದ ಆಡಿದ ಮಾತು ಅಡ್ಡ ಬಿತ್ತು, ಏನು ಮಾಡುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೋದ ವಾರ ನಿಮ್ಮ ವಿಮೆ ಏಜೆಂಟರು ಸಕ್ಕರೆ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಬಂದರು. "ಏನಮ್ಮಾ, ಕಾಲು ಹೇಗಿದೆ? ನಿಮ್ಮ ತಂಗಿ ಬಲು ಚುರುಕು ಬಿಡಿ! ಒಂದೇ ಮನೆ ಅಂದ್ರೆ ಕ್ಲೇಮು ಸಿಗಲ್ಲ ಅಂತ ಫೋನಲ್ಲಿ ಸುಮ್ನೆ ಒಂದ್ಮಾತು ಹೇಳಿದ್ದೆ. ಹಾಗೇ ಹಿಡ್ಕೊಂಡ್ಬಿಟ್ರು ನೋಡಿ," ಎಂದರು. ತಂಗಿಯನ್ನು ಹೊಗಳಿದರೆ ಅಕ್ಕ ಹಿಗ್ಗುತ್ತಾಳೆ ಎಂದುಕೊಂಡಿರಬೇಕು. ಅವರಿಗೆ ಕೊನೆಯ ಟೋಕನ್ ಕೊಟ್ಟೆ. ನನ್ನ ಹೊಸ ಕೆಲಸದಲ್ಲಿ ಅಷ್ಟು ಅಧಿಕಾರವಿದೆ.

ಮನೆಯವಳಂತೆ! ನಿನ್ನ ಗೆಳತಿಯರು ಬಂದಾಗ ನಾನು "ಮೇಲೆ ಇರ್ತಾರೆ" ಆಗಿದ್ದೆ. ನನ್ನ ಬಾಗಿಲು ಬೇರೆ, ಬೆಲ್ ಬೇರೆ. ಬಾಡಿಗೆ ಒಂದು ದಿನ ತಡವಾದರೆ ನಿನ್ನ ಯಜಮಾನರಿಗೆ ಮೆಟ್ಟಿಲ ಬುಡದಲ್ಲಿ ಕೆಮ್ಮು ಬರುತ್ತಿತ್ತು. ಎಲ್ಲರೂ ಸೇರಿ ಫೋಟೋಗೆ ನಿಂತರೆ ಫೋನು ನನ್ನ ಕೈಗೆ. ಇನ್ನು ಒಲೆ. ನನ್ನ ಗ್ಯಾಸ್ ಮುಗಿದ ಒಂದು ದಿನ ನಿನ್ನ ಒಲೆಯ ಮೇಲೆ ಒಂದು ಲೋಟ ಹಾಲಿಟ್ಟಿದ್ದೆ. ನೀನು ಪಾತ್ರೆ ಎತ್ತಿ ಪಕ್ಕಕ್ಕಿಟ್ಟೆ, ಅಷ್ಟೇ. ಹಾಲು ಇನ್ನೂ ಬೆಚ್ಚಗೂ ಆಗಿರಲಿಲ್ಲ.

ನಾನೇ ಅನ್ಯಾಯವಾಗಿ ಯೋಚಿಸುತ್ತಿದ್ದೇನೆಯೇ ಎಂದು ಬೇಕಾದಷ್ಟು ಸಲ ಕೇಳಿಕೊಂಡಿದ್ದೇನೆ. ಗಂಡನ ಮನೆ ಬಿಟ್ಟು ಬಂದಾಗ ಬಾಗಿಲು ತೆರೆದವಳು ನೀನೇ, ಮರೆತಿಲ್ಲ. ತೆರೆದ ಬಾಗಿಲಿಗೆ ತಿಂಗಳು ತಿಂಗಳು ಬಾಡಿಗೆ ಕೊಟ್ಟೆ, ಅದನ್ನೂ ಮರೆತಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದು ನೋಡಿದರೂ ಸಿಟ್ಟು ಇಳಿಯುತ್ತಿಲ್ಲ.

ಕಂಪನಿ ಇನ್ನೊಮ್ಮೆ ಪರಿಶೀಲಿಸಲು ಒಪ್ಪಿದೆ. ಬರುವ ಗುರುವಾರ ಅದೇ ವಿಚಾರಣೆಯವರು ನಿನಗೆ ಫೋನ್ ಮಾಡುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳು: "ಬಾಡಿಗೆಗಿದ್ದಳು, ಒಲೆ ಬೇರೆ, ಖಾಲಿ ಮಾಡು ಅಂತ ನಾನೇ ಹೇಳಿದ್ದೆ, ಅವಳು ನಮ್ಮನೆಯವಳಲ್ಲ." ಕಾರಿನಲ್ಲಿ ಎಷ್ಟು ಸಲೀಸಾಗಿ ಹೇಳಿದ್ದೆ! ಅಷ್ಟೇ ಸಲೀಸಾಗಿ ಹೇಳು. ಆಗುವುದಿಲ್ಲವೆಂದರೆ ವಕೀಲರ ಹತ್ತಿರ ಹೋಗುತ್ತೇನೆ. ಆಗ ಹೆಸರೂ ನಿನ್ನದೇ, ಜೇಬೂ ನಿನ್ನದೇ.

ಮಕ್ಕಳಿಗೆ ದೊಡ್ಡಮ್ಮನ ಮುತ್ತು. ನೂರು ಕಾಲ ಬಾಳು. ಕೆಂಪು ದೀಪ ಕಂಡಾಗ ನಿಲ್ಲು.

ನಿನ್ನ
ಅಕ್ಕ

ಮರೆತ ಮಾತು: ಅವತ್ತು ಹೌದೆಂದು ಯಾಕೆ ತಲೆಯಾಡಿಸಿದಿರಿ ಎಂದು ವಿಚಾರಣೆಯವರು ನನ್ನನ್ನೂ ಕೇಳಿದರು. ನೋವಿನ ಮಾತ್ರೆಯ ಮಂಪರು ಎಂದೆ. ಸುಳ್ಳು. ಆ ದಿನ ಮಾತ್ರೆ ತೆಗೆದುಕೊಂಡಿರಲಿಲ್ಲ. ನಿನ್ನ ಕೈ ನನ್ನ ಹೆಗಲ ಮೇಲಿತ್ತು, ನೀನು "ನಮ್ಮನೆಯವಳೇ" ಎಂದೆ. ಅವರಿಗೆ ಸರಿಯಾಗಿ ಕೇಳಿಸದೆ ಇರಲಿ, ನಿನ್ನಿಂದ ಇನ್ನೊಂದು ಸಲ ಹೇಳಿಸಲಿ ಎಂದು ಆಸೆಪಟ್ಟೆ.