ಕಿಟಕಿ ಪರದೆಯ ನಿಲುವಂಗಿ

ಅಕ್ಟೋಬರ್ 9, ಗುರುವಾರ

ಮತ್ತೆ ಅದೇ. ಅತ್ತೆಗೆ ಸ್ನಾನ, ಮಾತ್ರೆ, ಟೀ. ಒಂಬತ್ತಕ್ಕೆ ಡ್ರೈಕ್ಲೀನಿಂಗ್ ಅಂಗಡಿ, ಮಧ್ಯಾಹ್ನ ವಾಪಸ್ಸು. ನಡುವೆ ಎರಡು ಸಲ ಅತ್ತೆಯ ಫೋನು — ಒಂದು ಕನ್ನಡಕ ಕಾಣಿಸ್ತಿಲ್ಲ ಅಂತ, ಇನ್ನೊಂದು ಸಿಕ್ಕಿತು ಅಂತ. ಅಂಗಡಿ ಮನೆಯಿಂದ ಒಂದೇ ಬೀದಿ ಆಚೆ. ಕರೆದರೆ ಓಡಿ ಬರಬಹುದು ಅಂತಲೇ ಈ ಕೆಲಸಕ್ಕೆ ಸೇರಿದ್ದು. ಬೇರೆ ಯಾವ ಆಸೆಯಿಂದಲೂ ಅಲ್ಲ.

ಇವತ್ತು ಒಬ್ಬರು ಟೀಚರ್ ಬಂದಿದ್ದರು. ಕೌಂಟರಿನ ಮೇಲೆ ಹೆಗಲಿಂದ ಇಳಿಬಿಡುವ ಒಂದು ಕಪ್ಪು ಕೇಪ್ ಹಾಸಿದರು. ದಪ್ಪ ಉಣ್ಣೆ, ಅಂಚು ಪೂರ್ತಿ ಕೈಹೊಲಿಗೆ.

"ನಾಟಕಕ್ಕಾ ಮೇಡಂ?"

"ಇಲ್ಲಮ್ಮ, ವಾಕಿಂಗಿಗೆ!"

ಇವರದೊಂದು ಗುಂಪಂತೆ. ನೂರೈವತ್ತು ವರ್ಷದ ಹಿಂದಿನ ಉಡುಪು ತಾವೇ ಹೊಲಿದು, ಹಾಕಿಕೊಂಡು, ಚಳಿಗಾಲದಲ್ಲಿ ನಾಲ್ಕು ಭಾನುವಾರ ಹಳೇ ಸೇತುವೆವರೆಗೆ ನಡೆಯುತ್ತಾರಂತೆ. ಹೋಗುವುದು ನಮ್ಮ ಬೀದಿಯ ಮೇಲೇ! ಜಿಪ್ ಇರಬಾರದು, ಪ್ಲಾಸ್ಟಿಕ್ ಗುಂಡಿ ಇರಬಾರದು. ಮಾಮೂಲಿ ಬಟ್ಟೆಯವರೂ ಬರಬಹುದು, ಆದರೆ ಹಿಂದೆ, ಕ್ಯಾಮೆರಾ ಹಿಡಿದವರ ಜೊತೆ.

"ನಿಮಗೆ ಹೊಲಿಗೆ ಬರುತ್ತಾ?"

"ಬರುತ್ತೆ."

ಬಾಯಿಂದ ಬಂದೇಬಿಟ್ಟಿತು. ಬರುವುದು ದಿಂಬಿನ ಕವರು, ಪ್ಯಾಂಟಿನ ಅಂಚು ಮಡಿಸುವ ಹೆಮ್ಮು.

ಅಕ್ಟೋಬರ್ 12, ಭಾನುವಾರ

ಟೀಚರ್ ಕೊಟ್ಟ ಚಿತ್ರ ನೋಡಿ ನೋಡಿ ಕಣ್ಣಲ್ಲೇ ಅಚ್ಚಾಗಿದೆ. ಚಳಿಗಾಲದ ನಿಲುವಂಗಿ. ಮೇಲ್ಭಾಗ ಮೈಗಂಟಿದ ಜಾಕೆಟ್ಟು, ಎತ್ತರದ ಕಾಲರು. ಸೊಂಟದಲ್ಲಿ ಅದಕ್ಕೇ ಸೇರಿಸಿದ ಲಂಗ, ಹಿಂದುಗಡೆ ಒತ್ತೊತ್ತಾಗಿ ನೆರಿಗೆ. ಅದನ್ನು ಹಾಕಿಕೊಂಡವಳು ಓಡಿ ಬರಲಾರಳು. ಯಾರು ಕರೆದರೂ ನಿಧಾನವಾಗಿಯೇ ನಡೆಯಬೇಕು. ಅದೇ ನನಗೆ ಹಿಡಿಸಿದ್ದು.

ನಮ್ಮ ಮನೆಯವರಿಗೆ ಹೇಳಿದೆ. ಗೋಡೌನಿನಲ್ಲಿ ಭಾನುವಾರವೂ ಡ್ಯೂಟಿ ಇವರಿಗೆ, ಬೂಟು ಹಾಕಿಕೊಳ್ಳುತ್ತಿದ್ದರು.

"ಹೋಗು, ಬೇಡ ಅಂದೋರ್ಯಾರು?"

"ಅತ್ತೆ ಹತ್ರ ಯಾರಿರ್ತಾರೆ?"

"ನೋಡೋಣ."

ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ನೋಡೋಣ ಅಂದದ್ದನ್ನು ಇವರು ತಿರುಗಿ ನೋಡಿದ್ದೇ ಇಲ್ಲ.

ಬೇಸಿಗೆಯಲ್ಲಿ ಬಾತ್‌ರೂಮಿನಲ್ಲಿ ಬಿದ್ದ ಮೇಲೆ ಅತ್ತೆ ಕೆಳಗಿಳಿದಿಲ್ಲ. ಮೂರನೇ ಮಹಡಿ, ಲಿಫ್ಟಿಲ್ಲ. ನಾನು ಇಳಿಯುತ್ತೇನೆ — ಅಂಗಡಿಗೆ, ಔಷಧಿಗೆ, ತರಕಾರಿಗೆ. ಇಳಿದಷ್ಟೇ ಬೇಗ ಹತ್ತುತ್ತೇನೆ. ಅದನ್ನು ಹೊರಗೆ ಹೋಗುವುದು ಅನ್ನುವುದಾದರೆ ಬಾವಿಯ ಬಿಂದಿಗೆಯೂ ಹೊರಗೆ ಹೋಗಿ ಬರುತ್ತದೆ.

ಅಕ್ಟೋಬರ್ 21

ಬಟ್ಟೆ ಸಿಕ್ಕಿತು! ಅಂಗಡಿಯ ಹಿಂದಿನ ರೂಮಿನಲ್ಲಿ ವರ್ಷಗಟ್ಟಲೆಯಿಂದ ಯಾರೂ ಬಿಡಿಸಿಕೊಳ್ಳದ ಉಣ್ಣೆಯ ಕಿಟಕಿ ಪರದೆ, ಕಡು ಕೆಂಪು. ಮಾಲೀಕರು, "ತಗೊಂಡ್ಹೋಗಮ್ಮ, ಜಾಗ ಆದ್ರೂ ಆಗುತ್ತೆ" ಅಂದರು. ಒಂದು ನಿಲುವಂಗಿಗೆ ಸರಿಯಾಗಿ ಆಗುತ್ತದೆ. ತಪ್ಪು ಮಾಡಲು ಜಾಗವಿಲ್ಲ.

ಈಗಿರುವ ತೊಂದರೆ — ಬೆನ್ನಿಗೆ ಪಿನ್ನು ನಾನೇ ಹೇಗೆ ಚುಚ್ಚಿಕೊಳ್ಳುವುದು? ಟೀಚರ್ ಹತ್ತಿರ ಬಟ್ಟೆ ತೊಡಿಸಿ ನೋಡಲು ಅವರದೇ ಅಳತೆಯ ಗೊಂಬೆ ಇದೆಯಂತೆ. ನಮ್ಮ ಮನೆಯಲ್ಲಿ ಮುಖ ಕಾಣುವಷ್ಟು ಕನ್ನಡಿ ಬಿಟ್ಟರೆ ಏನೂ ಇಲ್ಲ.

ಅಕ್ಟೋಬರ್ 26, ಭಾನುವಾರ, ಸಂಜೆ

ಅತ್ತೆ ಪರದೆಯ ಕಡೆ ನೋಡಿ ಮೂಗು ಮುರಿದರು. ಆಮೇಲೆ ತಾವೇ ಶುರು ಮಾಡಿದರು.

"ಗೊಂಬೆ ಗೊಂಬೆ ಅಂತ ಯಾಕೆ ಬಡ್ಕೋತೀಯ? ನಾನಿಲ್ವಾ?"

"ನಿಮಗೆ ನಿಲ್ಲೋಕಾಗುತ್ತಾ ಅತ್ತೆ?"

"ಕುರ್ಚಿ ಹಿಡ್ಕೊಂಡ್ರೆ ಆಗುತ್ತೆ. ಹೆಂಗೂ ಗೊಂಬೆ ತರಾನೇ ಕೂತಿದ್ದೀನಿ."

ಟೇಪು ಹಿಡಿದೆ. ಎದೆ ಸುತ್ತಳತೆ, ಸೊಂಟ, ಭುಜ, ತೋಳು — ನನ್ನದೂ ಅವರದೂ ಒಂದೇ! ಇಬ್ಬರಿಗೂ ನಗು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಗೊತ್ತೇ ಇರಲಿಲ್ಲ.

ನವೆಂಬರ್ 8

ದಿನಾ ಮಧ್ಯಾಹ್ನ ಊಟದ ಮೇಜು ಖಾಲಿ ಮಾಡಿ ಕೂರುತ್ತೇನೆ. ಕತ್ತರಿ ಆಡಿಸುವಾಗ ಉಸಿರು ಬಿಗಿಹಿಡಿದಿದ್ದೆ. ಇವತ್ತು ಕಚ್ಚಾ ಹೊಲಿಗೆ ಹಾಕಿ ಅತ್ತೆಗೆ ತೊಡಿಸಿದೆ. ಬೆನ್ನ ಮೇಲೆ ಸುಕ್ಕು ಬಂದಲ್ಲೆಲ್ಲ ಬಿಡಿಸಿ, ಎಳೆದು, ಪಿನ್ನು ಚುಚ್ಚಿದೆ.

"ಕತ್ತಿನ ಹತ್ರ ನೋಡ್ಕೊಂಡು ಚುಚ್ಚೇ. ನಾನಿನ್ನೂ ಬದುಕಿದ್ದೀನಿ."

ತುಂಬ ಹೊತ್ತು ನಿಂತಿದ್ದರು. ಕಾಲು ನೋವು ಅನ್ನಲಿಲ್ಲ. ಬಿಚ್ಚೋಣ ಅಂದರೆ, "ಇರಲಿ ಬಿಡು, ಬೆಚ್ಚಗಿದೆ" ಅಂದರು. ಇವತ್ತು ಅಂಗಡಿಗೆ ಒಂದು ಫೋನೂ ಬರಲಿಲ್ಲ. ಈ ಮನೆಯಲ್ಲಿ ಇಷ್ಟು ಒಳ್ಳೆಯ ದಿನ ಬಂದು ಎಷ್ಟು ಕಾಲವಾಯಿತೋ.

ನವೆಂಬರ್ 27

ಕಾಲರು ಮೂರನೇ ಸಲ. ಕಾಜ ಹಾಕಿ ಹಾಕಿ ಬೆರಳ ತುದಿ ಗಟ್ಟಿಯಾಗಿದೆ. ನಾದಿನಿಗೆ ಫೋನ್ ಮಾಡಿದೆ. ಮೊದಲ ವಾಕು ಡಿಸೆಂಬರ್ ಏಳಕ್ಕೆ, ಅವತ್ತು ಬೆಳಿಗ್ಗೆ ಬಂದು ಅವಳ ಅಮ್ಮನ ಜೊತೆ ಇರುತ್ತಾಳಂತೆ. "ಎರಡು ಗಂಟೆ ತಾನೇ ಅತ್ತಿಗೆ? ಅಷ್ಟೂ ಮಾಡಲ್ವಾ ನಾನು?" ಅಂದಳು. ಬಾಯಿಮಾತಿನಲ್ಲಿ ಅವಳದು ಎತ್ತಿದ ಕೈ.

ಡಿಸೆಂಬರ್ 7, ಭಾನುವಾರ

ಏಳು ಗಂಟೆಗೆ ನಾದಿನಿಯ ಫೋನು. ಮಗುವಿಗೆ ಕೆಮ್ಮಂತೆ. ತೋಳು ಹೊಲಿದೂ ಮುಗಿದಿರಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎಂಟಕ್ಕೆ ವಾಕಿನವರು ನಮ್ಮ ಬೀದಿಯಲ್ಲಿ ಹೋದರು. ಕಿಟಕಿಯಿಂದ ನೋಡಿದೆ. ಮಂಜಿನಲ್ಲಿ ಟೀಚರ ಕೇಪು, ಎತ್ತರದ ಟೋಪಿಯ ಗಂಡಸರು, ನೆಲ ಸವರುವ ಲಂಗಗಳು. ಯಾರೂ ಮೇಲೆ ನೋಡಲಿಲ್ಲ. ಯಾಕೆ ನೋಡುತ್ತಾರೆ?

ಗಾಜಿಗೆ ಹಣೆ ಒತ್ತಿ ನಿಂತಿದ್ದೆ. ಹಿಂದಿನಿಂದ ಅತ್ತೆ, "ಟೀ ಆರೋಗ್ತಿದೆ" ಅಂದರು.

ಡಿಸೆಂಬರ್ 20, ಶನಿವಾರ

ಮುಗಿಯಿತು. ಅತ್ತೆಗೆ ಕಡೆಯ ಸಲ ತೊಡಿಸಿ ನೋಡಿದೆ. ಎಲ್ಲೂ ಒಂದು ಸುಕ್ಕಿಲ್ಲ. ಹೆಮ್ಮು ಸುತ್ತಲೂ ನೆಲಕ್ಕೆ ಸಮ. ಅವರು ಬಿಚ್ಚಿಕೊಟ್ಟ ಮೇಲೆ ನಾನು ಹಾಕಿಕೊಂಡೆ. ಎಲ್ಲ ಗುಂಡಿ ಸಿಕ್ಕಿಸಿ, ಮೊದಲ ಸಲ.

ನನ್ನ ಮೈಗೆ ಕೂರುವುದಿಲ್ಲ.

ಬೆನ್ನ ಮೇಲೆ ಬಟ್ಟೆ ಚೀಲದ ಹಾಗೆ ಉಬ್ಬಿಕೊಂಡಿತು. ಮುಂದೆ ಸೊಂಟ ಪಕ್ಕೆಲುಬಿಗೆ ಹತ್ತಿ ಕೂತಿತು. ಮುಂದಿನ ಹೆಮ್ಮು ಮೇಲೆ, ಹಿಂದಿನದು ನೆಲದಲ್ಲಿ ಎಳೆದಾಡುತ್ತದೆ. ಪಕ್ಕದ ಮನೆಯ ಬೀರುವಿನ ಕನ್ನಡಿಯಲ್ಲಿ ನೋಡಿಕೊಂಡು ಬಂದೆ. ಆಮೇಲೆ ತಲೆಗೆ ಹೊಳೆಯಿತು.

ಅತ್ತೆಯ ಬೆನ್ನು ಬಾಗಿದೆ. ಸುತ್ತಳತೆ ಎಲ್ಲ ಹಿಡಿದೆ, ಕತ್ತಿನಿಂದ ಸೊಂಟದವರೆಗಿನ ಉದ್ದ ಹಿಡಿಯಲೇ ಇಲ್ಲ. ಬಾಗಿದ ಬೆನ್ನಿಗೆ ಹಿಂದೆ ಬಟ್ಟೆ ಜಾಸ್ತಿ ಬೇಕು, ಮುಂದೆ ಕಡಿಮೆ ಸಾಕು. ಒಂದೊಂದು ಸುಕ್ಕನ್ನೂ ಆ ಬಾಗಿಗೆ ತಕ್ಕಂತೆ ನಾನೇ ನನ್ನ ಕೈಯಾರೆ ತಿದ್ದಿದ್ದೇನೆ. ದಿನಾ ಉಜ್ಜಿ ಸ್ನಾನ ಮಾಡಿಸುವ ಬೆನ್ನು. ಬಾಗಿರುವುದು ಕಣ್ಣಿಗೇ ಬೀಳಲಿಲ್ಲ.

ಬಟ್ಟೆ ಉಳಿದಿಲ್ಲ.

ಅದನ್ನು ತೊಟ್ಟುಕೊಂಡೇ ಸಿಂಕಿನ ಪಾತ್ರೆ ತೊಳೆಯಲು ಹೋದೆ, ಸಿಟ್ಟಿಗೆ. ಬಗ್ಗಿದೆ. ಬಗ್ಗಿದ ತಕ್ಷಣ ಎಲ್ಲ ಸರಿಹೋಯಿತು. ಬೆನ್ನು, ಸೊಂಟ, ಕಾಲರು. ನನ್ನದೇ ಅಳತೆ ಅನ್ನುವ ಹಾಗೆ.

ಬಿಚ್ಚಿ ಎಸೆದೆ.

ಡಿಸೆಂಬರ್ 21, ಭಾನುವಾರ

ಇವತ್ತು ಎರಡನೇ ವಾಕು. ಕಿಟಕಿ ಹತ್ತಿರ ಹೋಗಲಿಲ್ಲ.

ಡಿಸೆಂಬರ್ 24

ನಿಲುವಂಗಿ ಕುರ್ಚಿಯ ಮೇಲೇ ಬಿದ್ದಿತ್ತು. ಅತ್ತೆ ಅದರ ತೋಳು ಸವರುತ್ತಾ ಕೂತಿದ್ದರು.

"ನಂಗೆ ಗೊತ್ತಿತ್ತು ಕಣೆ."

"ಏನು?"

"ಕಚ್ಚಾ ಹೊಲಿಗೆ ಹಾಕಿ ತೊಡಿಸಿದ್ಯಲ್ಲ, ಅವತ್ತೇ. ಬೆನ್ನು ಬಾಗಿದ ಮೇಲೆ ಒಂದು ಬಟ್ಟೇನೂ ನಂಗೆ ನೆಟ್ಟಗೆ ಕೂತಿಲ್ಲ. ಇದು ಕೂತ್ಕೊಳ್ತು. ಅಂದ್ಮೇಲೆ ನಿಂಗೆ ಕೂರಲ್ಲ ಅಂತ ತಾನೇ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಸರಿ ಮಾಡ್ಕೊಂಡು ಹೋಗ್ಬಿಡ್ತಿದ್ದೆ."

"ಹೋದ್ರೆ ಎರಡು ಗಂಟೆ ಅತ್ತೆ! ಎರಡೇ ಗಂಟೆ!"

"ಎರಡು ಗಂಟೆ ಹೋಗಿ ರುಚಿ ಕಂಡೋಳು ಆಮೇಲೆ ನಿಲ್ತಾಳಾ?"

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಸಾಕಾಗುವಷ್ಟು ಅತ್ತುಕೊಂಡೆ. ಆ ಮುದುಕಿಯ ಮೇಲೆ ದ್ವೇಷ ಬಂತು — ಇಲ್ಲಿ ಬರೆಯುತ್ತೇನೆ, ಇನ್ನೆಲ್ಲಿ ಬರೆಯಲಿ? ನನ್ನ ಕೈಯಿಂದಲೇ ನನಗೆ ಬೇಡಿ ಹೊಲಿಸಿದರು. ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು. ಅವರು ಹೇಳಿದ್ದು ಸುಳ್ಳಲ್ಲ. ಎರಡು ಗಂಟೆಗೆ ನಾನು ನಿಲ್ಲುತ್ತಿರಲಿಲ್ಲ.

ಜನವರಿ 4, ಭಾನುವಾರ

ಮೂರನೆಯ ವಾಕೂ ತಪ್ಪಿಹೋಯಿತು. ಈ ಸಲ ಇವರೇ ರಜೆ ಹಾಕುತ್ತೇನೆ ಅಂದಿದ್ದರು. ನಿನ್ನೆ ಸಂಜೆ, "ಸೂಪರ್‌ವೈಸರ್ ಕೇಳಿದ್ರು, ಇಲ್ಲ ಅನ್ನೋಕಾಗ್ಲಿಲ್ಲ" ಅಂದರು. ಹಾಕಿಕೊಳ್ಳಲು ಉಡುಪೇ ಇಲ್ಲದವಳು ಜಗಳವಾದರೂ ಏನಂತ ಆಡಲಿ? ಸುಮ್ಮನೆ ಡಬ್ಬಿ ಕಟ್ಟಿಕೊಟ್ಟೆ.

ಅತ್ತೆಯ ಜೊತೆ ಬೇಕಾದಷ್ಟೇ ಮಾತು. ಮಾತ್ರೆ ತಗೊಳ್ಳಿ. ಕಾಲು ಎತ್ತಿ. ಆಯ್ತಾ.

ಜನವರಿ 11, ಭಾನುವಾರ

ತಲೆ ಬಾಚುತ್ತಿದ್ದೆ. ಅತ್ತೆ ಗೋಡೆ ನೋಡಿಕೊಂಡೇ ಹೇಳಿದರು.

"ಸೊಂಟದಲ್ಲಿ ಬಿಚ್ಚು."

"ಏನ್ನ?"

"ಆ ನಿಲುವಂಗೀನ. ಬಾಗಿರೋದು ಮೇಲಿನ ಅರ್ಧ ತಾನೇ? ಅದು ನನ್ನ ಬೆನ್ನು, ನಂಗಿರ್ಲಿ. ಕೆಳಗಿನ ಲಂಗ ನಿಂದು. ಸೊಂಟಪಟ್ಟಿ ಹಾಕ್ಕೊಂಡು ಹೋಗು."

ಬಾಚಣಿಗೆ ಕೈಯಲ್ಲೇ ಉಳಿಯಿತು. ಇಷ್ಟು ದಿನ ಸೊಂಟದ ಆ ಹೊಲಿಗೆ ನನ್ನ ಕಣ್ಣೆದುರಿಗೇ ಇತ್ತು.

"ಮೇಲಕ್ಕೇನು ಹಾಕ್ಕೊಳ್ಳಲಿ?"

"ನನ್ನ ಕಪ್ಪು ಶಾಲು ಹೊದ್ಕೋ. ಜಾಕೆಟ್ಟಿರುವಾಗ ನಂಗ್ಯಾಕೆ ಶಾಲು? ಯಾರಾದ್ರೂ ಕೇಳಿದ್ರೆ ಇದೂ ನೂರೈವತ್ತು ವರ್ಷದ್ದೇ ಅನ್ನು. ನಂಬ್ತಾರೆ, ಹಂಗೇ ಕಾಣುತ್ತೆ."

ನಗಬಾರದು ಅಂದುಕೊಂಡಿದ್ದೆ. ನಕ್ಕೆ. ಕ್ಷಮಿಸಿದ್ದೇನಾ? ಗೊತ್ತಿಲ್ಲ. ಸಂಜೆಯೇ ಕತ್ತರಿ ತಗೊಂಡು ಕೂತೆ.

ಜನವರಿ 15

ಲಂಗ ಸೊಂಟದಲ್ಲಿ ಸರಿಯಾಗಿ ನಿಂತಿತು. ಹೆಮ್ಮು ಮತ್ತೆ ಬಿಚ್ಚಿ ಸಮ ಮಾಡಿದೆ. ನೆಟ್ಟಗೆ ನಿಂತು ನೋಡಿದೆ, ಪಕ್ಕದ ಮನೆಯ ಕನ್ನಡಿಯಲ್ಲಿ. ನೆಟ್ಟಗೆ ನಿಂತರೂ ಬೀಳುತ್ತದೆ ಚೆನ್ನಾಗಿ.

ಅಂಗಡಿಯಲ್ಲಿ ಟೀಚರ್, "ಈ ಸಲದ ಕಡೆಯ ವಾಕು, ಬರ್ತೀರಲ್ಲ?" ಅಂದರು. ಬರುತ್ತೇನೆ ಅಂದೆ. ನಾಲ್ಕನೇ ಸಲ ಅದೇ ಮಾತು. ಅವರು ಮರ್ಯಾದೆಗೆ ತಲೆಯಾಡಿಸಿದರು.

ನಾದಿನಿಯೂ ಬರುತ್ತೇನೆ ಅಂದಿದ್ದಾಳೆ. ಭಾನುವಾರದವರೆಗೆ ಅವಳ ಮಗುವಿಗೆ ಕೆಮ್ಮು ಬರದಿರಲಿ.

ಜನವರಿ 18, ಭಾನುವಾರ, ಏಳೂವರೆ

ನಾದಿನಿ ಬಂದಿಲ್ಲ. ಲಂಗ ಹಾಕಿಕೊಂಡಾಗಿದೆ. ಅತ್ತೆ ಕೆಂಪು ಜಾಕೆಟ್ಟು ತೊಟ್ಟು, ಎಲ್ಲ ಗುಂಡಿ ಹಾಕಿಸಿಕೊಂಡು ಕಿಟಕಿಯ ಪಕ್ಕ ಕೂತಿದ್ದಾರೆ. ರಾಜಮಾತೆಯ ಗತ್ತು. ಹೊರಗೆ ಒಳ್ಳೆ ಮಂಜು.

ಏಳು ಮುಕ್ಕಾಲು

ಫೋನು ಹೊಡೆದುಕೊಳ್ಳುತ್ತಿದೆ. ನಾದಿನಿಯದು. ಏನು ಹೇಳುತ್ತಾಳೆ ಅಂತ ಗೊತ್ತು. ಕೈ ತಾನಾಗಿ ಅತ್ತ ಹೋಯಿತು.

"ಎತ್ಬೇಡ" ಅಂದರು ಅತ್ತೆ.

"ಅವಳು ಬರದಿದ್ರೆ —"

"ಬರಲ್ಲ. ಎತ್ತಿದ್ರೆ ತಾನೇ ಬರಲ್ಲ ಅಂತ ನಿಂಗೆ ಗೊತ್ತಾಗೋದು? ಕೆಳಗಿನ ಮನೆಯವರಿಗೆ ಕೀ ಕೊಟ್ಟು ಹೋಗು. ಕೋಲಲ್ಲಿ ನೆಲ ಕುಟ್ಟಿದ್ರೆ ಮೇಲೆ ಬರ್ತಾರೆ. ಮೊನ್ನೆ ನೀನು ಅಂಗಡಿಗೆ ಹೋದಾಗ ಕುಟ್ಟಿ ನೋಡಿದೀನಿ, ಬಂದ್ರು."

ಹೇಳುವಾಗ ಅವರ ಕೈ ಕೋಲಿನ ಮೇಲೆ ಬಿಗಿಯಾಗಿತ್ತು. ಹೆದರಿದ್ದಾರೆ. ನಾನೂ ಹೆದರಿದ್ದೇನೆ. ಮಾತ್ರೆ, ನೀರು, ಕನ್ನಡಕ ಎಲ್ಲ ಕೈಗೆಟುಕುವ ಹಾಗೆ ಇಟ್ಟೆ. ಎರಡು ಸಲ ಇಟ್ಟೆ. ಹೊರಗಿಂದ ಬೀಗ ಹಾಕುವಾಗ ಏನನ್ನಿಸುತ್ತದೋ.

"ಎಷ್ಟು ಹೊತ್ತಿಗೆ ಬರ್ತೀಯ?" ಅಂತ ಕೇಳಿದರು. ಹತ್ತು ಗಂಟೆ ಅಂದೆ. "ಹತ್ತೂವರೆ ಅನ್ನು" ಅಂದರು.

ಫೋನು ನಿಂತಿತ್ತು, ಮತ್ತೆ ಶುರುವಾಯಿತು. ಅತ್ತೆ ಅದರ ಮೇಲೆ ದಿಂಬು ಒತ್ತಿದರು. ನಿಂತೇ ಬರೆಯುತ್ತಿದ್ದೇನೆ, ಕೂತರೆ ನೆರಿಗೆ ಕೆಡುತ್ತದೆ. ತಿರುವಿನಲ್ಲಿ ವಾಕಿನವರು ಅತ್ತೆಗೆ ಕಾಣಿಸಿದರಂತೆ. "ಬರ್ಕೊಂಡು ನಿಂತಿದ್ದೀಯಲ್ಲೇ! ಕೆಳಗೆ ನಿಂತು ಒಂದ್ಸಲ ಮೇಲೆ ನೋಡು, ಈ ಕಿಟಕೀನ ಯಾರಾದ್ರೂ ನೋಡ್ಬೇಕು ತಾನೇ?" ಅನ್ನುತ್ತಿದ್ದಾರೆ. ದಿಂಬಿನ ಕೆಳಗೆ ಇನ್ನೂ ಗೊಣಗುತ್ತಿದೆ ಫೋನು. ಬೂಟಿನ ಲೇಸು ಕಟ್ಟಿದೆ. ಬೀಗ ಕೈಯಲ್ಲಿದೆ. ಮೆಟ್ಟಿಲಲ್ಲಿ ಲಂಗ ಎತ್ತಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ — ಸಾಕು, ಹೊರಟೆ.